ಅಂಚೆಯಲ್ಲಿ ಬಂದ ತೆಂಗಿನಕಾಯಿ

ಕೇರಳಕ್ಕೆ ತೆಂಗಿನಕಾಯಿ ಕಳಿಸುವವರುಂಟೇ? ಉಂಟು. ನಮ್ಮ ಭಾವನವರೇ ಕಳಿಸಿದರು. ಅದೂ ಕೇರಳದ ಒಳಗಿನಿಂದಲೇ, ಅಂಚೆಯಲ್ಲಿ!

ನಮ್ಮ ಹೋಟೆಲು ಕೊಚ್ಚಿಯ ಎರ್ನಾಕುಲಂನಲ್ಲಿ, ಅಕ್ಕ-ಭಾವನವರದು ತಿರುವನಂತಪುರದಲ್ಲಿ. ಮಧ್ಯೆ ಸುಮಾರು 200 ಕಿ.ಮೀ. ದೂರ. ಎರಡೂ ಕಡೆ ಬೆಳಗಿನ ಇಡ್ಲಿ, ರಾತ್ರಿಯ ದೋಸೆ. ವರ್ಷಕ್ಕೊಮ್ಮೆ ಊರಿನಲ್ಲಿ ಮುಖ ನೋಡಿದರೆ ಅದೇ ಹೆಚ್ಚು. 2012ರಲ್ಲಿ ಒಂದು ದಿನ ತಿಂಡಿಯ ರಶ್ ಇರುವಾಗ ಪೋಸ್ಟ್‌ಮ್ಯಾನ್ ಬಂದು ಗಲ್ಲಾದ ಮೇಲೆ ಒಂದು ಉರುಟು ಪಾರ್ಸೆಲ್ ಇಟ್ಟರು. ಬಿಳಿ ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿದ್ದಾರೆ. ಬಿಚ್ಚಿದರೆ ಜುಟ್ಟು ಸಮೇತ ಒಂದು ತೆಂಗಿನಕಾಯಿ! ಜೊತೆಗೊಂದು ಚೀಟಿ: "ನಿಮ್ಮ ಹೋಟೆಲಿನ ಚಟ್ನಿಯಲ್ಲಿ ಕಾಯಿ ಕಾಣುವುದಿಲ್ಲವೆಂದು ಕೇಳಿದೆ. ಇದನ್ನಾದರೂ ಹಾಕಿ."

ಹುಡುಗರೆಲ್ಲ ನಕ್ಕರು. ನಾವು ಸುಮ್ಮನಿರುತ್ತೇವೆಯೇ? ಮರುದಿನವೇ ಎರಡು ಅಡಿ ಉದ್ದದ ಒಂದೇ ಒಂದು ನುಗ್ಗೆಕಾಯಿಯನ್ನು ರಟ್ಟಿನ ಕೊಳವೆಯಲ್ಲಿಟ್ಟು, ಬಟ್ಟೆ ಹೊಲಿಸಿ ಕಳಿಸಿದೆವು. ಚೀಟಿಯಲ್ಲಿ, "ನಿಮ್ಮ ಸಾಂಬಾರಿನಲ್ಲಿ ಹುಡುಕಿದರೂ ಸಿಗದ ವಸ್ತು ಇದು, ಜೋಪಾನ" ಎಂದು ಬರೆದೆವು. ಪಿನ್‌ಕೋಡ್ 682ರಿಂದ 695ಕ್ಕೆ ಹೀಗೆ ನಮ್ಮ ಆಟ ಶುರುವಾಯಿತು.

ಆಮೇಲೆ ಅಲ್ಲಿಂದ ಒಂದು ಬೂದುಗುಂಬಳ ಬಂತು. ಇಲ್ಲಿಂದ ಒಂದೇ ಒಂದು ಉದ್ದಿನ ಹಪ್ಪಳ ಹೋಯಿತು, ಏಳು ಚೂರಾಗಿ ತಲುಪಿತು. ಅಲ್ಲಿಂದ ಸುವರ್ಣಗೆಡ್ಡೆ, ಇಲ್ಲಿಂದ ಸಾರಿನ ಪುಡಿ ತುಂಬಿದ ಬಿದಿರಿನ ಕೊಳವೆ. ಅಂಚೆ ಕಚೇರಿಯ ಕೌಂಟರಿನವರು ನಮ್ಮನ್ನು ಕಂಡರೆ ಸಾಕು, "ಇವತ್ತು ಏನು ಸ್ವಾಮಿ?" ಎಂದು ಮಲಯಾಳದಲ್ಲಿ ಕೇಳುತ್ತಿದ್ದರು.

ನಮಗಿಂತ ಮೊದಲೇ ಆಡಿದವರು

ಈ ಹುಚ್ಚು ನಮಗೆ ಮಾತ್ರ ಹಿಡಿದದ್ದು ಎಂದುಕೊಂಡಿದ್ದೆವು. ಹಾಗಲ್ಲ. ಲಂಡನ್ನಿನಲ್ಲಿ ರೆಜಿನಾಲ್ಡ್ ಬ್ರೇ ಎಂಬವರಿದ್ದರು (1879–1939). ಅವರು ಈರುಳ್ಳಿಯನ್ನು ಅಂಚೆಗೆ ಹಾಕಿದರು. ಟರ್ನಿಪ್ ಗೆಡ್ಡೆಯ ಮೇಲೆ ವಿಳಾಸ ಕೆತ್ತಿ ಕಳಿಸಿದರು. ಮೊಲದ ತಲೆಬುರುಡೆಯನ್ನೂ ಬಿಡಲಿಲ್ಲ. ಕೊನೆಗೆ 1900ರಲ್ಲಿ ತಮ್ಮನ್ನೇ ಅಂಚೆಯ ಮೂಲಕ ಮನೆಗೆ ಕಳಿಸಿಕೊಂಡರು! ಆದರೆ ಒಂದು ವಿಷಯ ಗಮನಿಸಬೇಕು. ಇಷ್ಟೆಲ್ಲ ಆಟಕ್ಕೆ ಮೊದಲು, 1898ರಲ್ಲಿ, ಅವರು ಅಂಚೆ ಇಲಾಖೆಯ ನಿಯಮದ ಪುಸ್ತಕ ಕೊಂಡು ಓದಿದ್ದರು. ನಾವು ಓದಿರಲಿಲ್ಲ. ಅದರ ಫಲ ಮುಂದೆ ಹೇಳುತ್ತೇವೆ.

ಅಮೆರಿಕದ ಹವಾಯಿ ದ್ವೀಪಗಳಲ್ಲಿ ಮೊಲೊಕಾಯ್ ಎಂಬಲ್ಲಿ ಹೂಲೆಹುವಾ ಎಂಬ ಸಣ್ಣ ಅಂಚೆ ಕಚೇರಿಯಿದೆ. ಅಲ್ಲಿ 1991ರಲ್ಲಿ ತೆಂಗಿನಕಾಯಿ ಅಂಚೆಯನ್ನು ಶುರುಮಾಡಿದರು. ಕಾಯಿ ಪುಕ್ಕಟೆ. ಬಂದವರು ಬಣ್ಣದ ಪೆನ್ನಿನಿಂದ ಅದರ ಮೇಲೆಯೇ ಚಿತ್ರ, ವಿಳಾಸ ಬರೆಯುತ್ತಾರೆ. ಅಂಚೆವೆಚ್ಚ ಮಾತ್ರ ಕೊಡಬೇಕು. ಒಣಗಿದ ಕಾಯಿಗೆ ಬೇರೆ ಪ್ಯಾಕಿಂಗ್ ಯಾಕೆ? ಸಿಪ್ಪೆಯನ್ನು ದೇವರೇ ಕೊಟ್ಟಿದ್ದಾನಲ್ಲ.

ನಮ್ಮ ಈ ಎರಡು ಊರುಗಳಿಗೂ ಅಂಚೆಯ ಹಳೆಯ ನಂಟಿದೆ. ಕೊಚ್ಚಿ ಮತ್ತು ತಿರುವಾಂಕೂರು ಸಂಸ್ಥಾನಗಳು 'ಅಂಚಲ್' ಎಂಬ ತಮ್ಮದೇ ಅಂಚೆ ನಡೆಸುತ್ತಿದ್ದವು. ಗೆಜ್ಜೆ ಕಟ್ಟಿದ ಕೋಲು ಹಿಡಿದ ಅಂಚಲ್ ಓಟಗಾರ ಬಂದರೆ ಜನ ದಾರಿ ಬಿಡಬೇಕಿತ್ತು. 1951ರಲ್ಲಿ ಅದು ಭಾರತದ ಅಂಚೆಯಲ್ಲಿ ಸೇರಿತು. ಚೀಲ ಹೊತ್ತವನಿಗೆ ಜನ ದಾರಿ ಬಿಡುತ್ತಿದ್ದುದು ಯಾಕೆಂದು ನಮಗೆ ಅರ್ಥವಾದದ್ದು 2014ರ ಮಳೆಗಾಲದಲ್ಲಿ.

ಜೋನಿ ಬೆಲ್ಲದ ಪ್ರಸಂಗ

ಆ ವರ್ಷ ಊರಿನಿಂದ ಒಳ್ಳೆಯ ಜೋನಿ ಬೆಲ್ಲ ಬಂದಿತ್ತು. ಭಾವನವರಿಗೆ ದೋಸೆಗೆ ಜೋನಿ ಬೆಲ್ಲವೆಂದರೆ ಪ್ರಾಣ. ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ಬಟ್ಟೆ ಹೊಲಿದು ಕಳಿಸಿದೆವು. ಒಳಗೆ ಏನಿದೆಯೆಂದು ಕೌಂಟರಿನಲ್ಲಿ ಕೇಳಿದಾಗ "ತಿಂಡಿ" ಎಂದುಬಿಟ್ಟೆವು. ಅದು ನಮ್ಮ ತಪ್ಪು.

ಮೂರನೆಯ ದಿನ ಭಾವನವರ ಫೋನು. ನಗುವಿಲ್ಲ. "ಬಾಟಲಿ ಒಡೆದಿದೆ. ಚೀಲದಲ್ಲಿದ್ದ ಕಾಗದಗಳಿಗೆಲ್ಲ ಬೆಲ್ಲ ಹಿಡಿದಿದೆ. ನನ್ನನ್ನು ಅಂಚೆ ಕಚೇರಿಗೆ ಕರೆದಿದ್ದಾರೆ."

ಹೋಗಿ ನೋಡಿದರೆ ಮೇಜಿನ ಮೇಲೆ ಇಪ್ಪತ್ತು-ಇಪ್ಪತ್ತೈದು ಕಾಗದ ಒಂದಕ್ಕೊಂದು ಅಂಟಿ ಕೂತಿದ್ದವು. ಇರುವೆ ಬೇರೆ. ಒಬ್ಬ ನೌಕರರು ಒದ್ದೆ ಬಟ್ಟೆಯಿಂದ ಒಂದೊಂದಾಗಿ ಬಿಡಿಸುತ್ತಿದ್ದರು, ಗಾಜಿನ ಚೂರಿನಿಂದ ಅವರ ಬೆರಳು ಕೊಯ್ದಿತ್ತು. ಅವುಗಳಲ್ಲಿ ಒಂದು ಕಂದು ಲಕೋಟೆ, ಒಬ್ಬ ಹುಡುಗಿಗೆ ಬಂದ ಕೆಲಸದ ಸಂದರ್ಶನದ ಪತ್ರ. ಮೇಲಿನ ವಿಳಾಸ ಅರ್ಧ ಅಳಿಸಿಹೋಗಿದೆ. ಸಂದರ್ಶನಕ್ಕೆ ಉಳಿದದ್ದು ಎರಡೇ ದಿನ.

ಪೋಸ್ಟ್‌ಮಾಸ್ಟರರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಹಳೆಯ ಪೋಸ್ಟ್‌ಮ್ಯಾನ್ ಒಬ್ಬರು ಉಳಿದ ಅಕ್ಷರ ನೋಡಿ ಮನೆ ಇಂಥದ್ದೆಂದು ಗುರುತು ಹಿಡಿದರು. ಭಾವನವರು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಗಲ್ಲಾವನ್ನು ಅಕ್ಕನಿಗೆ ಬಿಟ್ಟು, ಆ ಪೋಸ್ಟ್‌ಮ್ಯಾನರನ್ನು ಆಟೋದಲ್ಲಿ ಕೂರಿಸಿಕೊಂಡು ಹೋದರು. ಕಾಗದವನ್ನು ಪೋಸ್ಟ್‌ಮ್ಯಾನರೇ ಆ ಹುಡುಗಿಯ ಕೈಗೆ ಕೊಟ್ಟರು. ಭಾವನವರು ಹಿಂದೆ ನಿಂತು ಕ್ಷಮೆ ಕೇಳಿದರು. ಅಂಟಂಟಾಗಿದ್ದ ಆ ಪತ್ರವನ್ನು ಆಕೆಯ ತಾಯಿ ಸೆರಗಿನಿಂದ ಒರೆಸಿಕೊಂಡರಂತೆ.

ರಾತ್ರಿ ಭಾವನವರು ಹೇಳಿದ್ದು ಒಂದೇ ಮಾತು: "ಪಾರ್ಸೆಲ್ ನಮ್ಮದು, ಚೀಲ ನಮ್ಮದಲ್ಲ."

ನಿಯಮ ಏನು ಹೇಳುತ್ತಿತ್ತು?

ಆಮೇಲೆ ನಾವು ನಿಯಮ ಓದಿದೆವು. ಆಗ ಜಾರಿಯಲ್ಲಿದ್ದದ್ದು 1898ರ ಭಾರತೀಯ ಅಂಚೆ ಕಚೇರಿ ಕಾಯಿದೆ. ಅದರ 19ನೇ ಕಲಮಿನಂತೆ ಸ್ಫೋಟಕ, ಅಪಾಯಕರ, ಹೊಲಸಾದ, ಹಾನಿಕರ ವಸ್ತುಗಳನ್ನು ಅಂಚೆಯಲ್ಲಿ ಕಳಿಸುವಂತಿರಲಿಲ್ಲ. ಸರಿಯಾದ ರಕ್ಷಣೆಯಿಲ್ಲದ ಹರಿತವಾದ ಸಾಮಾನನ್ನೂ ಕಳಿಸುವಂತಿರಲಿಲ್ಲ. ಬೇರೆ ಅಂಚೆ ವಸ್ತುಗಳಿಗಾಗಲಿ ಅಂಚೆ ನೌಕರರಿಗಾಗಲಿ ಹಾನಿಯಾಗಬಾರದು ಎಂಬುದೇ ಅದರ ಸಾರ. ಆ ಕಾಯಿದೆಯ ಬದಲಿಗೆ ಬಂದ 2023ರ ಹೊಸ ಅಂಚೆ ಕಚೇರಿ ಕಾಯಿದೆ 2024ರ ಜೂನ್ 18ರಿಂದ ಜಾರಿಯಲ್ಲಿದೆ. ಕಾಯಿದೆ ಬದಲಾದರೂ ಚೀಲದಲ್ಲಿ ನಮ್ಮ ಪಾರ್ಸೆಲಿನ ಪಕ್ಕದಲ್ಲಿ ಇನ್ನೊಬ್ಬರ ಸಾಮಾನು ಇರುವುದು ಬದಲಾಗಿಲ್ಲ.

ಆರು ತಿಂಗಳು ಆಟ ನಿಂತಿತು. ಮತ್ತೆ ಶುರುಮಾಡಿದವರು ಅಕ್ಕ. ಆದರೆ ಷರತ್ತು ಹಾಕಿದರು: ಗಾಜು ಬೇಡ, ದ್ರವ ಬೇಡ, ಹಣ್ಣಾದದ್ದು ಬೇಡ. ಕಳಿಸುವ ಮೊದಲು ಸೊಂಟದೆತ್ತರದಿಂದ ಮೂರು ಸಲ ನೆಲಕ್ಕೆ ಬಿಡಬೇಕು. ಒಡೆಯದಿದ್ದರೆ, ಸೋರದಿದ್ದರೆ ಮಾತ್ರ ಅಂಚೆಗೆ.

ಯಾವುದು ಹೋಗುತ್ತದೆ, ಯಾವುದು ಹೋಗುವುದಿಲ್ಲ

ಈ ಆಟದಿಂದ ನಾವು ಕಲಿತದ್ದನ್ನು ಸದಸ್ಯ ಬಾಂಧವರ ಉಪಯೋಗಕ್ಕಾಗಿ ಕೊಡುತ್ತಿದ್ದೇವೆ.

ನೇಂದ್ರ ಬಾಳೆಯ ಚಿಪ್ಸ್: ಪೂರ್ತಿ ಆರಿದ ಮೇಲೆಯೇ ಕಟ್ಟಬೇಕು. ಸ್ವಲ್ಪ ಬಿಸಿಯಿದ್ದರೂ ಒಳಗೆ ಹಬೆ ನಿಂತು ಮೆತ್ತಗಾಗುತ್ತದೆ. ಗಾಳಿ, ಬೆಳಕು ತಾಗಿದರೆ ಎಣ್ಣೆ ಕಮಟಾಗುತ್ತದೆ. ದಪ್ಪ ಕವರಿಗೆ ಹಾಕಿ ಮೆಷಿನ್ನಿನಲ್ಲಿ ಸೀಲ್ ಮಾಡಿ. ಬೆಲ್ಲ ಹಚ್ಚಿದ ಶರ್ಕರ ವರಟ್ಟಿ ಚಿಪ್ಸಿಗಿಂತ ಗಟ್ಟಿ, ಪುಡಿಯಾಗುವುದು ಕಡಿಮೆ.

ಹಪ್ಪಳ: ಮೇಲೆ ಕೆಳಗೆ ರಟ್ಟು ಇಟ್ಟು ಬಿಗಿಯಾಗಿ ಕಟ್ಟಬೇಕು. ಅಲುಗಾಡಲು ಜಾಗವಿದ್ದರೆ ಒಡೆಯುತ್ತದೆ.

ಚಟ್ನಿ ಪುಡಿ: ಹಸಿ ಕಾಯಿ ಕೂಡದು, ಕೊಬ್ಬರಿಯನ್ನು ಚೆನ್ನಾಗಿ ಹುರಿದು ಹಾಕಬೇಕು.

ಉಪ್ಪಿನಕಾಯಿ: ಕವರಿನೊಳಗೆ ಕವರು, ಅದರ ಹೊರಗೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ಆದರೂ ನಾವು ಅಂಚೆಯಲ್ಲಿ ಕಳಿಸುವುದಿಲ್ಲ. ಜೋನಿ ಬೆಲ್ಲದ ನೆನಪು ಇನ್ನೂ ಇದೆ.

ಹಳೆಯ ಪತ್ರಿಕೆಯನ್ನು ತಿಂಡಿಗೆ ತಾಗುವಂತೆ ಸುತ್ತಬೇಡಿ. ಶಾಯಿ ಆಹಾರಕ್ಕೆ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ಅದಕ್ಕೆ ನಿಷೇಧವಿದೆ.

ಪಾಯಸದ ವಿಷಯ ಎಲ್ಲರೂ ಕೇಳುತ್ತಾರೆ. ನಮ್ಮೆರಡು ಊರುಗಳ ನಡುವೆ ಇರುವ ಅಂಬಲಪ್ಪುಳದ ಪಾಲ್ ಪಾಯಸ ಎಷ್ಟೇ ಹೆಸರಾದರೂ ಅಂಚೆಗೆ ಸಲ್ಲದು. ಅದು ಹಾಲಿನದು, ನೀರಾಗಿರುತ್ತದೆ, ಬೇಗ ಹುಳಿಯುತ್ತದೆ. ಶಬರಿಮಲೆಯ ಅರವಣ ಹಾಗಲ್ಲ. ಅಕ್ಕಿಗೆ ಬೆಲ್ಲ, ತುಪ್ಪ ಧಾರಾಳ ಹಾಕಿ ಗಟ್ಟಿಯಾಗುವವರೆಗೆ ಕಾಯಿಸುತ್ತಾರೆ. ಇರುವ ಅಲ್ಪ ನೀರನ್ನೂ ಬೆಲ್ಲ ಹಿಡಿದಿಟ್ಟುಕೊಳ್ಳುವುದರಿಂದ ಬೂಷ್ಟು ಬೇಗ ಬರುವುದಿಲ್ಲ. ಮೇಲಿಂದ ಮುಚ್ಚಿದ ಡಬ್ಬಿ.

ಅದಕ್ಕೇ ಅದು ದೇಶವೆಲ್ಲ ಸುತ್ತಿತು. ಕೊರೋನಾದಿಂದಾಗಿ 2020ರಲ್ಲಿ ಶಬರಿಮಲೆಯ ದರ್ಶನಕ್ಕೆ ಮಿತಿ ಬಂದಾಗ, ಅಂಚೆ ಇಲಾಖೆಯ ಕೇರಳ ವೃತ್ತ ಮತ್ತು ತಿರುವಾಂಕೂರು ದೇವಸ್ವಂ ಮಂಡಳಿ ಒಪ್ಪಂದ ಮಾಡಿಕೊಂಡು 'ಸ್ವಾಮಿ ಪ್ರಸಾದಂ' ಶುರುಮಾಡಿದವು. ಎರಡರ ಮುಖ್ಯ ಕಚೇರಿಯೂ ತಿರುವನಂತಪುರದಲ್ಲೇ. ನವೆಂಬರ್ 6ರಿಂದ ಬುಕಿಂಗ್. ಒಂದು ಪೊಟ್ಟಣಕ್ಕೆ ಆಗ 450 ರೂ. ಅದರಲ್ಲಿ ಅರವಣ, ತುಪ್ಪ, ವಿಭೂತಿ, ಕುಂಕುಮ, ಅರಿಶಿನ, ಅರ್ಚನೆಯ ಪ್ರಸಾದ. ಭಾರತದ ಯಾವ ಅಂಚೆ ಕಚೇರಿಯಲ್ಲಾದರೂ ಹಣ ಕಟ್ಟಿದರೆ ಸ್ಪೀಡ್ ಪೋಸ್ಟಿನಲ್ಲಿ ಮನೆ ಬಾಗಿಲಿಗೆ. ತಿಂಗಳೊಳಗೆ ಸುಮಾರು 9,000 ಪೊಟ್ಟಣ ಬುಕ್ ಆಗಿದ್ದವು. ನಮ್ಮ ಕರ್ನಾಟಕದಲ್ಲೂ 2019ರಲ್ಲಿ ಮಾವು ಮಂಡಳಿಯವರು ಅಂಚೆಯೊಂದಿಗೆ ಸೇರಿ ರೈತರ ಮಾವಿನಹಣ್ಣನ್ನು 3 ಕಿಲೋ ಪೆಟ್ಟಿಗೆಗಳಲ್ಲಿ ಬೆಂಗಳೂರಿನ ಮನೆಗಳಿಗೆ ಮುಟ್ಟಿಸಲು ಶುರುಮಾಡಿದರು.

ಆಟ ಅನ್ನ ಕೊಟ್ಟದ್ದು

2020ರ ಮಾರ್ಚ್ 25ರಿಂದ ಲಾಕ್‌ಡೌನ್. ಕುಳಿತು ಉಣ್ಣುವವರಿಲ್ಲ. ಅಡುಗೆಮನೆಯಲ್ಲಿ ಊರಿಗೆ ಹೋಗಲಾಗದ ಐದು ಮಂದಿ ಹುಡುಗರು. ಸಂಬಳ ಎಲ್ಲಿಂದ ಕೊಡುವುದು? ಭಾವನವರೇ ಫೋನಿನಲ್ಲಿ ಹೇಳಿದರು, "ಎಂಟು ವರ್ಷ ತಮಾಷೆಗೆ ಕಳಿಸಿದಿರಿ, ಇನ್ನು ದುಡ್ಡಿಗೆ ಕಳಿಸಿ." ಸಾಗಾಟ ಸ್ವಲ್ಪ ಸುಧಾರಿಸಿದ ಮೇಲೆ ಚಿಪ್ಸ್, ಚಟ್ನಿ ಪುಡಿ, ಸಾರಿನ ಪುಡಿ, ಹಪ್ಪಳಗಳನ್ನು ಹಳೆಯ ಗಿರಾಕಿಗಳಿಗೆ ಅಂಚೆಯಲ್ಲಿ ಕಳಿಸತೊಡಗಿದೆವು. ಮಾರುವ ಸಾಮಾನೆಂದ ಮೇಲೆ ಪ್ಯಾಕೆಟ್ಟಿನ ಮೇಲೆ ಒಳಗಿನ ಪದಾರ್ಥಗಳ ಹೆಸರು, ತೂಕ, ಪ್ಯಾಕ್ ಮಾಡಿದ ದಿನಾಂಕ, ಎಷ್ಟು ದಿನ ಬಾಳುತ್ತದೆ ಎಂಬುದು, ಸಸ್ಯಾಹಾರದ ಹಸಿರು ಗುರುತು, 14 ಅಂಕಿಯ ಲೈಸೆನ್ಸ್ ನಂಬರು ಎಲ್ಲ ಇರಬೇಕು. ಹಾಗೆಯೇ ಮಾಡಿದೆವು.

ದೊಡ್ಡ ಲಾಭವೇನೂ ಆಗಲಿಲ್ಲ. ಆದರೆ ಐವರಲ್ಲಿ ಒಬ್ಬನನ್ನೂ ಬಿಡಿಸಬೇಕಾಗಲಿಲ್ಲ. ಒಂದು ಪಾರ್ಸೆಲ್ ಕೂಡ ಸೋರಲಿಲ್ಲ. ಎಲ್ಲವನ್ನೂ ಮೊದಲು ಭಾವನವರ ಮೇಲೆ ಪ್ರಯೋಗ ಮಾಡಿ ಆಗಿತ್ತಲ್ಲ!

ಆದ್ದರಿಂದ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಹೊಸ ಪದಾರ್ಥವನ್ನು ಗಿರಾಕಿಗೆ ಕಳಿಸುವ ಮೊದಲು ದೂರದ ಊರಿನ ಭಾವನಿಗೋ ಗೆಳೆಯನಿಗೋ ಒಂದು ಸಲ ತಮಾಷೆಗೆ ಕಳಿಸಿ ನೋಡಿ. ನಷ್ಟವಾದರೆ ಅಂಚೆವೆಚ್ಚ ಮಾತ್ರ. ಆದರೆ ಆ ಚೀಲದಲ್ಲಿ ಯಾರದೋ ಮನೆಯ ಕಾಗದವೂ ಇರುತ್ತದೆ ಎಂಬುದನ್ನು ಮರೆಯಬೇಡಿ.

ಅಂದ ಹಾಗೆ, ಮೊನ್ನೆ ತಿರುವನಂತಪುರದಿಂದ ಮತ್ತೊಂದು ಉರುಟು ಪಾರ್ಸೆಲ್ ಬಂತು. ಒಳಗೆ ತೆಂಗಿನಕಾಯಿ. ಚೀಟಿಯಲ್ಲಿ ಅದೇ ಅಕ್ಷರ, ಸ್ವಲ್ಪ ನಡುಗಿದೆ: "ಚಟ್ನಿ ಈಗ ಪರವಾಗಿಲ್ಲವಂತೆ. ಆದರೂ ಇರಲಿ."