ಕೂದಲು ಕಿತ್ತುಕೊಳ್ಳುವ ಮಕ್ಕಳು: ಗದರಿಕೆಯ ಬದಲು ಮನೋಚಿಕಿತ್ಸೆ



ಮಕ್ಕಳ ಗ್ರಾಮಸಭೆ ಹಾಗೂ ಶಾಲಾ ಭೇಟಿಗಳ ಸಂದರ್ಭದಲ್ಲಿ, ನೆತ್ತಿಯಲ್ಲಿ ಅಲ್ಲಲ್ಲಿ ಕೂದಲಿಲ್ಲದ ಅಥವಾ ಹುಬ್ಬು ಬರಿದಾದ ಮಕ್ಕಳು ತಮ್ಮ ಗಮನಕ್ಕೆ ಬಂದಿರಬಹುದು. ಇದಕ್ಕೆ ಹುಳುಕಡ್ಡಿಯಂತಹ ಚರ್ಮರೋಗವೂ ಕಾರಣವಾಗಬಹುದಾದ್ದರಿಂದ ಮೊದಲು ವೈದ್ಯರ ತಪಾಸಣೆ ಆಗತಕ್ಕದ್ದು. ಆದರೆ ಕೆಲವು ಮಕ್ಕಳು ತಮ್ಮ ಕೂದಲನ್ನು ತಾವೇ ಕಿತ್ತುಕೊಳ್ಳುತ್ತಿರುತ್ತಾರೆ. 1889ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಹ್ಯಾಲೊಪೊ ಈ ತೊಂದರೆಗೆ ಟ್ರೈಕೊಟಿಲೊಮೇನಿಯಾ ಎಂದು ಹೆಸರಿಟ್ಟರು. ಸಾಮಾನ್ಯವಾಗಿ ಇದು 10ರಿಂದ 13ನೆಯ ವಯಸ್ಸಿನ ಆಸುಪಾಸಿನಲ್ಲಿ ಆರಂಭವಾಗುತ್ತದೆ.

ಬಿಡಬೇಕೆಂದು ಬಯಸಿದರೂ ಬಿಡಲಾಗದಿರುವುದೇ ಇದರ ಮುಖ್ಯ ಲಕ್ಷಣ. ಇದು ಹಟವೂ ಅಲ್ಲ, ಗಾಳಿಸೋಕೂ ಅಲ್ಲ. ಗದರಿಸಿದರೆ, ತಲೆ ಬೋಳಿಸಿದರೆ ಮಗು ನಾಚಿಕೆಯಿಂದ ಮರೆಯಲ್ಲಿ ಕೀಳಲಾರಂಭಿಸುತ್ತದೆ, ಅಷ್ಟೆ.

ಇದಕ್ಕೆಂದೇ ಮೀಸಲಾದ ಗುಳಿಗೆಯಿಲ್ಲ. ಹೆಚ್ಚು ಫಲ ನೀಡಿರುವುದು 1973ರಲ್ಲಿ ಅಮೆರಿಕದ ಅಜ್ರಿನ್ ಮತ್ತು ನನ್ ಎಂಬ ಮನೋವಿಜ್ಞಾನಿಗಳು ರೂಪಿಸಿದ ಅಭ್ಯಾಸ ಬದಲಾವಣೆಯ ತರಬೇತಿ. ಪದೇ ಪದೇ ನಿಲ್ಲುವ ಪಂಪಿನ ಮೋಟರನ್ನು ಬಿಚ್ಚುವ ಮೊದಲು ಅದು ಯಾವ ಹೊತ್ತಿನಲ್ಲಿ ನಿಲ್ಲುತ್ತದೆಂದು ನೋಡುತ್ತೇವಲ್ಲವೇ? ಇಲ್ಲಿಯೂ ಹಾಗೆಯೇ. ಓದುವಾಗಲೋ, ಟಿ.ವಿ. ಮುಂದೆಯೋ, ನಿದ್ರೆ ಬರುವ ಮುನ್ನವೋ, ಕೈ ಯಾವಾಗ ತಲೆಗೆ ಹೋಗುತ್ತದೆಂಬುದನ್ನು ಮಗುವೇ ಗುರುತಿಸಿ ಬರೆದಿಡಲು ಚಿಕಿತ್ಸಕರು ಕಲಿಸುತ್ತಾರೆ. ಸೆಳೆತ ಬಂದೊಡನೆ ಮುಷ್ಟಿ ಬಿಗಿಹಿಡಿದು, ಅದು ಇಳಿಯುವವರೆಗೆ ಹಾಗೆಯೇ ಇರಬೇಕು. ಓದುವ ಹೊತ್ತಿನಲ್ಲಿ ತಲೆಗೆ ವಸ್ತ್ರ ಕಟ್ಟುವುದು, ಕೈಗೆ ಏನಾದರೂ ಕೆಲಸ ಕೊಡುವುದು ಇದಕ್ಕೆ ಪೂರಕ. ಮನೆಯವರು ತಪ್ಪನ್ನು ಎತ್ತಿ ಆಡದೆ, ತಡೆದುಕೊಂಡ ಗಳಿಗೆಯನ್ನು ಮೆಚ್ಚಬೇಕು. ಪರೀಕ್ಷೆಯಂತಹ ಒತ್ತಡದ ದಿನಗಳಲ್ಲಿ ತೊಂದರೆ ಮರುಕಳಿಸುವುದುಂಟು. ಅದನ್ನು ಚಿಕಿತ್ಸೆಯ ಸೋಲೆಂದು ಭಾವಿಸಿ ನಿಲ್ಲಿಸಬಾರದು.

ಕಿತ್ತ ಕೂದಲನ್ನು ನುಂಗುವ ಮಕ್ಕಳ ವಿಷಯದಲ್ಲಿ ವಿಳಂಬ ಸಲ್ಲದು. ಕೂದಲು ಜೀರ್ಣವಾಗದೆ ಜಠರದಲ್ಲಿ ಉಂಡೆಗಟ್ಟಿ, ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಹೊಟ್ಟೆನೋವು, ವಾಂತಿ ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲು ತಿಳಿಸುವುದು.

ಈ ತರಬೇತಿಯುಳ್ಳ ಚಿಕಿತ್ಸಕರು ಗ್ರಾಮಗಳ ಸಮೀಪದಲ್ಲಿ ಸಿಗುವುದು ವಿರಳ. ಪ್ರತಿ ಭೇಟಿಗೂ ಕುಟುಂಬವು ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಮೊದಲಿಗೆ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿಸುವುದು ಸೂಕ್ತ. ಅಲ್ಲಿ ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು. ಮುಂದಿನ ಚಿಕಿತ್ಸೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಸಂಪರ್ಕಿಸಬಹುದು. ಚಿಕಿತ್ಸೆಯ ದಿನಗಳ ಗೈರುಹಾಜರಿ ಕುರಿತು ಮುಖ್ಯ ಶಿಕ್ಷಕರೊಡನೆ ಸದಸ್ಯರು, ಪೋಷಕರ ಒಪ್ಪಿಗೆ ಪಡೆದು, ಖಾಸಗಿಯಾಗಿ ಮಾತನಾಡುವುದು. ಮಗುವಿನ ಹೆಸರನ್ನು ಸಭೆಯಲ್ಲಿ ಪ್ರಸ್ತಾಪಿಸಬಾರದು, ನಡಾವಳಿಯಲ್ಲಿ ದಾಖಲಿಸಲೂಬಾರದು.