ಗ್ಲೌಸ್ ಹಾಕಿದರೆ ಕೈ ತೊಳೆಯಬೇಕಿಲ್ಲವೇ? ಹಿರಿಯರ ಆರೈಕೆಯ ಕುರಿತ 4 ತಪ್ಪು ನಂಬಿಕೆಗಳು

ಅಪ್ಪನನ್ನೋ ಅಮ್ಮನನ್ನೋ ಆರೈಕೆ ಕೇಂದ್ರಕ್ಕೆ ಸೇರಿಸುವ ಮುನ್ನ ನಾವು ಊಟ, ಕೋಣೆ, ಶುಲ್ಕ ಎಲ್ಲವನ್ನೂ ವಿಚಾರಿಸುತ್ತೇವೆ. ಸಿಬ್ಬಂದಿಯ ಕೈಯಲ್ಲಿ ಗ್ಲೌಸ್ ಕಂಡರೆ 'ಸ್ವಚ್ಛತೆ ಚೆನ್ನಾಗಿದೆ' ಎಂದು ಸಮಾಧಾನಪಡುತ್ತೇವೆ. ಆದರೆ ಗ್ಲೌಸ್ ಇದ್ದ ಮಾತ್ರಕ್ಕೆ ಸೋಂಕು ಹರಡುವುದಿಲ್ಲವೇ?

ನಂಬಿಕೆ 1: ಗ್ಲೌಸ್ ಇದ್ದರೆ ಕೈ ತೊಳೆಯಬೇಕಿಲ್ಲ

ತಪ್ಪು. ಒಬ್ಬರ ಡೈಪರ್ ಬದಲಿಸಿದ ಗ್ಲೌಸ್‌ನಲ್ಲೇ ಪಕ್ಕದ ಹಾಸಿಗೆಯವರಿಗೆ ಮಾತ್ರೆ ಕೊಟ್ಟರೆ, ರೋಗಾಣುಗಳನ್ನು ನಾವೇ ಕೈಹಿಡಿದು ಕರೆದೊಯ್ದಂತೆ. ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತುಗಳಿರಬಹುದು. ಬಿಚ್ಚುವಾಗ ಅದರ ಹೊರಭಾಗ ಕೈಗೆ ತಾಗುವುದೂ ಉಂಟು. ಆದ್ದರಿಂದ ಒಬ್ಬರಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಗ್ಲೌಸ್ ಬದಲಿಸಬೇಕು, ನಡುವೆ ಕೈ ಸ್ವಚ್ಛಗೊಳಿಸಬೇಕು. ಒಬ್ಬರನ್ನೇ ನೋಡಿಕೊಳ್ಳುವಾಗಲೂ ಮಲ-ಮೂತ್ರ ಶುಚಿಗೊಳಿಸಿದ ಗ್ಲೌಸ್‌ನಲ್ಲಿ ಗಾಯದ ಪಟ್ಟಿ ಅಥವಾ ಕ್ಯಾಥೆಟರ್ ಮುಟ್ಟುವಂತಿಲ್ಲ.

ನಂಬಿಕೆ 2: ಸ್ಯಾನಿಟೈಸರ್ ಎಲ್ಲದಕ್ಕೂ ಸಾಕು

ಅರ್ಧ ಸತ್ಯ. ಕೈ ಕೊಳೆಯಾಗಿ ಕಾಣದಿದ್ದಾಗ ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಪರಿಣಾಮಕಾರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅದನ್ನು 20ರಿಂದ 30 ಸೆಕೆಂಡು ಉಜ್ಜಬೇಕು. ಸೋಪು ನೀರಿನಲ್ಲಾದರೆ ಇಡೀ ಕೆಲಸಕ್ಕೆ 40ರಿಂದ 60 ಸೆಕೆಂಡು ಬೇಕು. ಕೈಗೆ ಕೊಳೆ ಅಂಟಿದ್ದರೆ, ಅಥವಾ ಕೇಂದ್ರದಲ್ಲಿ ಭೇದಿ ಹರಡಿದ್ದರೆ ಸೋಪು-ನೀರೇ ಆಗಬೇಕು. ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಆಲ್ಕೋಹಾಲ್‌ಗೆ ಸಾಯುವುದಿಲ್ಲ.

ನಂಬಿಕೆ 3: ಜ್ವರವಿಲ್ಲ ಎಂದರೆ ಸೋಂಕಿಲ್ಲ

ತಪ್ಪು. ವಯಸ್ಸಾದವರಲ್ಲಿ ಸೋಂಕಿದ್ದರೂ ಜ್ವರ ಬಾರದಿರಬಹುದು. ಊಟ ಸೇರದಿರುವುದು, ಇದ್ದಕ್ಕಿದ್ದಂತೆ ಗೊಂದಲದ ಮಾತು, ಮಂಕು ಕವಿದಂತಿರುವುದು ಇವೇ ಮೊದಲ ಲಕ್ಷಣಗಳಾಗಬಹುದು. ಇನ್ನು ಕೆಲವರ ಚರ್ಮ ಅಥವಾ ಕರುಳಿನಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಇದ್ದರೂ ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಆದರೆ ಅದು ಆರೈಕೆ ಮಾಡುವವರ ಕೈ ಮತ್ತು ಬಟ್ಟೆಯ ಮೂಲಕ ಇತರರಿಗೆ ದಾಟಬಲ್ಲದು.

ಇದಕ್ಕಾಗಿಯೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಅಲ್ಲಿನ ನರ್ಸಿಂಗ್ ಹೋಮ್‌ಗಳಿಗೆ ಒಂದು ಕ್ರಮ ಸೂಚಿಸಿದೆ. (ಅಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮಲ್ಲಿಯಂತೆ ಸಣ್ಣ ಆಸ್ಪತ್ರೆಯಲ್ಲ, ಹಿರಿಯರು ವಾಸವಿರುವ ಆರೈಕೆ ಕೇಂದ್ರ.) ಇಂಥ ಬ್ಯಾಕ್ಟೀರಿಯಾ ಇರುವವರಿಗೆ, ದೀರ್ಘಕಾಲದ ಗಾಯ, ಕ್ಯಾಥೆಟರ್ ಅಥವಾ ಆಹಾರದ ನಳಿಕೆ ಇರುವವರಿಗೆ ಸ್ನಾನ ಮಾಡಿಸುವಾಗ, ಬಟ್ಟೆ ತೊಡಿಸುವಾಗ, ಎತ್ತಿ ಕೂರಿಸುವಾಗ, ಡೈಪರ್ ಅಥವಾ ಹಾಸಿಗೆ ಬದಲಿಸುವಾಗ ಸಿಬ್ಬಂದಿ ಗ್ಲೌಸ್ ಜೊತೆಗೆ ಗೌನ್ ಕೂಡ ಧರಿಸಬೇಕು.

ನಂಬಿಕೆ 4: ಅಂಥವರನ್ನು ಕೋಣೆಯಲ್ಲೇ ಕೂಡಿಹಾಕಬೇಕು

ಇಲ್ಲ. ಈ ಕ್ರಮದಲ್ಲಿ ಹಿರಿಯರು ಎಲ್ಲರೊಂದಿಗೆ ಕೂತು ಊಟ ಮಾಡಬಹುದು, ಭಜನೆಗೂ ಹರಟೆಗೂ ಬರಬಹುದು. ಅವರಿಗೆ ಅದು ಮನೆ. ಭೇದಿ, ಫ್ಲೂನಂಥ ಸೋಂಕು ಹರಡುತ್ತಿರುವಾಗ ಮಾತ್ರ ಪ್ರತ್ಯೇಕವಾಗಿಡುವ ಬೇರೆ ನಿಯಮಗಳು ಬರುತ್ತವೆ.

ನೀವು ಏನು ಕೇಳಬೇಕು?

2020ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯ ಆರೈಕೆ ಕೇಂದ್ರಗಳಲ್ಲಿ ಕೋವಿಡ್ ಹರಡಿತು. ರೋಗಲಕ್ಷಣ ಇದ್ದರೂ ಸಿಬ್ಬಂದಿ ಕೆಲಸಕ್ಕೆ ಬಂದದ್ದು, ಒಬ್ಬರೇ ಹಲವು ಕೇಂದ್ರಗಳಲ್ಲಿ ದುಡಿಯುತ್ತಿದ್ದದ್ದು ಅದಕ್ಕೆ ಕಾರಣಗಳಲ್ಲಿ ಸೇರಿದ್ದವು ಎಂದು ತನಿಖೆ ಹೇಳಿತು. ರಜೆ ಹಾಕಿದರೆ ಸಂಬಳ ಹೋಗುತ್ತದೆ ಎನ್ನುವವರು ಜ್ವರವನ್ನು ಮುಚ್ಚಿಟ್ಟೇ ಬರುತ್ತಾರೆ. ಹಾಗಾಗಿ ಕೇಂದ್ರಕ್ಕೆ ಹೋದಾಗ ಇಷ್ಟನ್ನು ನೋಡಿ, ಕೇಳಿ:

• ಹಾಸಿಗೆಯ ಹತ್ತಿರವೇ ಸ್ಯಾನಿಟೈಸರ್, ಕೈಗೆಟಕುವಲ್ಲಿ ಸೋಪು-ನೀರು ಇದೆಯೇ?
• ಒಬ್ಬರಿಂದ ಇನ್ನೊಬ್ಬರ ಬಳಿಗೆ ಹೋಗುವಾಗ ಗ್ಲೌಸ್ ಬದಲಾಗುತ್ತದೆಯೇ?
• ಸಿಬ್ಬಂದಿಗೆ ಹುಷಾರಿಲ್ಲದಿದ್ದರೆ ಸಂಬಳಸಹಿತ ರಜೆ ಸಿಗುತ್ತದೆಯೇ?

ನಿಮಗೇ ಕೆಮ್ಮು, ಭೇದಿ ಇದ್ದರೆ ಭೇಟಿಯನ್ನು ಮುಂದೂಡಿ, ವಿಡಿಯೊ ಕರೆ ಮಾಡಿ. ಆರೋಗ್ಯವಾಗಿದ್ದರೆ ಕೈ ತೊಳೆದುಕೊಂಡು ಹೋಗಿ, ಅವರ ಕೈ ಹಿಡಿದು ಮಾತಾಡಿ. ಹೊರಡುವಾಗ ಮತ್ತೊಮ್ಮೆ ಕೈ ತೊಳೆಯಿರಿ.