ನಿಮಗಿದು ಗೊತ್ತೇ? ಜೊತೆಗಾರರಿದ್ದರೆ ಬೀಡಿ ಬಿಟ್ಟೀತು

• ಕಾರ್ತಿಕ ಬಂತೆಂದರೆ ಪಾವಗಡ, ಮಧುಗಿರಿ ಕಡೆ ಅಯ್ಯಪ್ಪ ಮಾಲೆ ಹಾಕಿದವರು ಬೀಡಿ, ಸಿಗರೇಟು ಮುಟ್ಟುವಂತಿಲ್ಲ. ಮಂಡಲ ವ್ರತ 41 ದಿನದ್ದು. ನಿಕೋಟಿನ್ ಸಿಗದ ಚಡಪಡಿಕೆ, ಸಿಡುಕು, ನಿದ್ದೆಗೇಡು ಮೊದಲ ವಾರ ಜೋರಾಗಿದ್ದು, ಮೂರು-ನಾಲ್ಕು ವಾರಕ್ಕೆ ಬಹುಪಾಲು ಇಳಿಯುತ್ತವೆ. ಇರುಮುಡಿ ಕಟ್ಟುವ ಹೊತ್ತಿಗೆ ದೇಹ ಆ ಕಷ್ಟವನ್ನು ದಾಟಿರುತ್ತದೆ! ನಸುಕಿನ ತಣ್ಣೀರ ಸ್ನಾನ, ಒಟ್ಟಿಗೆ ಅಡುಗೆ, ಸಂಜೆ ಭಜನೆ, ಒಬ್ಬರನ್ನೊಬ್ಬರು ‘ಸ್ವಾಮಿ’ ಎಂದೇ ಕರೆಯುವುದು. ಕೈ ಜೇಬಿಗೆ ಹೋದರೆ ‘ಬೇಡ ಸ್ವಾಮಿ’ ಎನ್ನಲು ಪಕ್ಕದಲ್ಲೇ ಜನ. ಮಾಲೆ ತೆಗೆದ ಮೇಲೂ ಆ ಗುಂಪು ವಾರಕ್ಕೊಮ್ಮೆ ಸೇರಲಿ ಎಂಬುದು ನನ್ನ ಆಸೆ. ಹಳೇ ಟೀ ಅಂಗಡಿ ಬೆಂಚಿಗೆ ಮರಳುವ ದಿನಗಳೇ ಅಪಾಯದವು.

• ರಂಜಾನ್ ಉಪವಾಸದಲ್ಲೂ ಹಗಲಿಡೀ ಹೊಗೆ ನಿಷಿದ್ಧ. ಇಫ್ತಾರ್ ಆದ ಮೇಲೂ ಬೀಡಿ ಹಚ್ಚದೆ ಉಳಿದರೆ ಬಿಡುವ ದಾರಿ ಅರ್ಧ ಸವೆದಂತೆ.

• ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ 12,067 ಜನರ 1971ರಿಂದ 2003ರವರೆಗಿನ ವಿವರವನ್ನು ಸಂಶೋಧಕರು ಜಾಲಾಡಿದರು. ಗಂಡ ಅಥವಾ ಹೆಂಡತಿ ಸಿಗರೇಟು ಬಿಟ್ಟರೆ ಇನ್ನೊಬ್ಬರು ಸೇದುವ ಸಾಧ್ಯತೆ ಶೇ. 67ರಷ್ಟು, ಗೆಳೆಯ ಬಿಟ್ಟರೆ ಶೇ. 36ರಷ್ಟು ತಗ್ಗಿತ್ತು. ಜನ ಒಬ್ಬೊಬ್ಬರಾಗಿ ಅಲ್ಲ, ಗುಂಪು ಗುಂಪಾಗಿಯೇ ಬಿಟ್ಟಿದ್ದರು. ಚಟ ಅಂಟಿಸಿದ್ದೂ ಸ್ನೇಹಿತರೇ ಅಲ್ಲವೇ?

• ಬೀಡಿ ಎಲೆಯಲ್ಲಿ ಗಾಳಿಯಾಡುವುದಿಲ್ಲ. ಆರಿಹೋಗದಿರಲು ಮತ್ತೆ ಮತ್ತೆ ದಮ್ಮು ಎಳೆಯಬೇಕು. ಹಾಗಾಗಿ ಬೀಡಿ ಸಿಗರೇಟಿಗಿಂತ ಹಗುರ ಎಂಬ ಮಾತು ಸುಳ್ಳು.

• ಪಾವಗಡದಲ್ಲಿ ಶ್ರೀ ರಾಮಕೃಷ್ಣ ಸೇವಾಶ್ರಮದ ಆಸ್ಪತ್ರೆ ಕ್ಷಯ, ಕುಷ್ಠ ರೋಗಿಗಳ ಸೇವೆಗೆ ಹೆಸರಾದದ್ದು. ಕ್ಷಯಕ್ಕೂ ಹೊಗೆಗೂ ನಂಟಿದೆ. ಭಾರತದಲ್ಲಿ ಕ್ಷಯದಿಂದ ಸಾಯುವ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರ ಸಾವಿಗೆ ಧೂಮಪಾನ ಕಾರಣ ಎಂದು ಚೆನ್ನೈ ಭಾಗದಲ್ಲಿ ನಡೆದ ಅಧ್ಯಯನ 2003ರಲ್ಲಿ ಅಂದಾಜಿಸಿತು. ಮನೆಯಲ್ಲಿ ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ, ಬೀಡಿ ಕಟ್ಟನ್ನು ದೂರವಿಡಿ.

• ‘ಈ ವಯಸ್ಸಿನಲ್ಲಿ ಬಿಟ್ಟು ಏನು ಬಂತು?’ ಬಂದದ್ದು ಇಷ್ಟು: ಬ್ರಿಟನ್ನಿನ ವೈದ್ಯರನ್ನೇ 50 ವರ್ಷ ಗಮನಿಸಿದಾಗ, ಸೇದುತ್ತಲೇ ಇದ್ದವರಿಗಿಂತ 60ನೇ ವಯಸ್ಸಿಗೆ ಬಿಟ್ಟವರು ಸುಮಾರು 3 ವರ್ಷ, 50ಕ್ಕೆ ಬಿಟ್ಟವರು 6 ವರ್ಷ, 40ಕ್ಕೆ ಬಿಟ್ಟವರು 9 ವರ್ಷ ಹೆಚ್ಚು ಬದುಕಿದರು.

• ಆಸೆ ಒಮ್ಮೆಗೆ ಕೆಲವೇ ನಿಮಿಷ ಕಾಡುತ್ತದೆ. ನೀರು ಕುಡಿಯಿರಿ, ಗೆಳೆಯನಿಗೆ ಫೋನ್ ಹಚ್ಚಿ. ಅಷ್ಟರಲ್ಲಿ ಅದು ತಣ್ಣಗಾಗುತ್ತದೆ.

• ನಿಕೋಟಿನ್ ಗಮ್ ಅನ್ನು ಚೂಯಿಂಗ್ ಗಮ್‌ನಂತೆ ಜಗಿಯಬಾರದು. ನಾಲಿಗೆ ಚುರುಗುಟ್ಟುವವರೆಗೆ ನಿಧಾನ ಜಗಿದು, ದವಡೆ ಸಂದಿಯಲ್ಲಿಟ್ಟುಕೊಂಡು, ಚುರುಕು ಕಡಿಮೆಯಾದರೆ ಮತ್ತೆ ಜಗಿಯಬೇಕು. ರಸ ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು. 2022ರಲ್ಲಿ ನಿಕೋಟಿನ್ ಬದಲಿ ಔಷಧವೂ ದೇಶದ ಅಗತ್ಯ ಔಷಧಿಗಳ ಪಟ್ಟಿ ಸೇರಿದೆ.

• ಬಿಡಲು ನೆರವು ಬೇಕಾದರೆ ಬೀಡಿ, ಸಿಗರೇಟು ಪ್ಯಾಕಿನ ಮೇಲಿರುವ 1800-11-2356ಕ್ಕೆ ದುಡ್ಡಿಲ್ಲದೆ ಕರೆ ಮಾಡಬಹುದು. ಆ ಕರೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೇ ಮಾತಾಡುವವರಿದ್ದಾರೆ. ಬಿಡುವ ದಿನ ಗೊತ್ತುಮಾಡಿಕೊಂಡರೆ, ಆಮೇಲೆ ಹೇಗಿದ್ದೀರಿ ಎಂದು ಅವರೇ ಫೋನ್ ಮಾಡಿ ವಿಚಾರಿಸುತ್ತಾರೆ.